ಹಾಡಿನ ಗಂಟು ಕಟ್ಟುವಾಗ



ದೀಪಾವಳಿ ಸಮೀಪಿಸಿತೆಂದರೆ ನಮ್ಮ ಜತ್ತ ತಾಲೂಕಿನ ಹಳ್ಳಿಗಳಿಂದ ಕಬ್ಬು ಕಡಿಯಲು ಹೋಗುವವರು ಗಂಟು ಕಟ್ಟುತ್ತಾರೆ. ಛಟ್ಟಿ ಅಮಾವಾಸ್ಯೆಗೆ ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಬರುವವರೂ ಕಟ್ಟುತ್ತಾರೆ. ಗಂಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇದ್ದಂತೆ ಈಗ ಹಾಡೂ ಇರುತ್ತದೆ. ಕೆಲವರಿಗೆ ಮೊಬೈಲಿನಲ್ಲಿ, ಕಲಿಯುವ ಮಕ್ಕಳಿದ್ದವರಿಗೆ ಲ್ಯಾಪ್‌ಟಾಪಿನಲ್ಲಿ. ಈ ಹಾಡಿನ ಗಂಟನ್ನು ಹೇಗೆ ಕಟ್ಟಬೇಕೆಂಬುದೇ ಇಂದಿನ ಮಾತು.

ನಮ್ಮ ಜಿಲ್ಲೆಯ ಮಿರಜಿನಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರ ಗುರುಗಳು. ಅವರು ತೀರಿಕೊಂಡದ್ದು 1937ರಲ್ಲಿ. ಅವರ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಮೂರು-ಮೂರೂವರೆ ನಿಮಿಷದ ಹಾಡಷ್ಟೇ ಹಿಡಿಯುತ್ತಿತ್ತು. ಇಡೀ ರಾಗವನ್ನು ಅಷ್ಟರಲ್ಲೇ ಮುಗಿಸಬೇಕು. 1963ರಲ್ಲಿ ಬಂದ ಕ್ಯಾಸೆಟ್ಟಿನಲ್ಲಿ 60 ಅಥವಾ 90 ನಿಮಿಷ ಹಿಡಿಯತೊಡಗಿತು. ಇಂದು ಎಂಪಿ3 ಪದ್ಧತಿಯಲ್ಲಿ, ಸಾಧಾರಣ ಗುಣಮಟ್ಟಕ್ಕೆ, ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಸಾಕು. ಐದೈದು ನಿಮಿಷದ 10,000 ಪದಗಳಿಗೆ ಸುಮಾರು 50 ಜಿಬಿ. ಹಗಲೂ ರಾತ್ರಿ ಕೇಳಿದರೂ ಮುಗಿಯಲು ಸುಮಾರು 35 ದಿನ ಬೇಕು!

ಇಷ್ಟೊಂದು ಕೂಡಿಸುವುದು ಸುಲಭವಾಯಿತು. ಕಳೆದುಕೊಳ್ಳುವುದೂ ಅಷ್ಟೇ ಸುಲಭವಾಯಿತು. ನನಗಾದದ್ದನ್ನೇ ಹೇಳುತ್ತೇನೆ.

ನಮ್ಮೂರ ಭಜನಾ ಮೇಳದ ಕ್ಯಾಸೆಟ್ಟುಗಳನ್ನೂ, ಅವುಗಳ ಜೊತೆ ನಮ್ಮವ್ವ ಹಾಡಿದ ಬೀಸುವ ಪದಗಳನ್ನೂ ಲ್ಯಾಪ್‌ಟಾಪಿನ ಮೂಲಕ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಟ್ಟಿದ್ದೆ. ಕೆಲಸ ಮುಗಿಯಿತೆಂದು ಬೂಷ್ಟು ಹಿಡಿದ ಕ್ಯಾಸೆಟ್ಟುಗಳನ್ನು ಎಸೆದುಬಿಟ್ಟೆ. ಒಂದು ದಿನ ಮಿರಜಿಗೆ ಹೋಗುವಾಗ ಬಸ್ಸಿನಲ್ಲಿ ಕುಳಿತು ಅದನ್ನೇ ಹಚ್ಚಿ ಕೇಳುತ್ತಿದ್ದೆ. ಬಸ್ಸು ಜಿಗಿಯಿತು, ಡಿಸ್ಕು ಕೆಳಗೆ ಬಿತ್ತು. ಟಕ್ ಟಕ್ ಎಂದು ಸದ್ದು ಮಾಡಿ ಸುಮ್ಮನಾಯಿತು. ಹಾರ್ಡ್ ಡಿಸ್ಕಿನೊಳಗೆ ತಟ್ಟೆ ವೇಗವಾಗಿ ತಿರುಗುತ್ತಿರುತ್ತದೆ. ಓದುವ ಮೊನೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುತ್ತಿರುತ್ತದೆ. ತಿರುಗುವಾಗ ಪೆಟ್ಟು ಬಿದ್ದರೆ ಎರಡೂ ತಾಗಿ ಕೆಡುತ್ತವೆ.

ತಂಗಿಯ ಮಗ ಹಿಂದೊಮ್ಮೆ ಮೆಮೊರಿ ಕಾರ್ಡಿಗೆ ಹಾಕಿಕೊಂಡಿದ್ದ ಕೆಲವು ಪದಗಳು ಉಳಿದಿದ್ದವು. ಎಲ್ಲಕ್ಕೂ ‘ಟ್ರ್ಯಾಕ್ 1’, ‘ಟ್ರ್ಯಾಕ್ 2’ ಎಂಬ ಹೆಸರು. ಮೂರು ರಾತ್ರಿ ಕೂತು ಒಂದೊಂದನ್ನೇ ಹಚ್ಚಿದೆ. ಅವ್ವನವು ಎರಡು ಸಿಕ್ಕವು. ಮೇಳದ ಪದಗಳನ್ನು ಹಾಡಿದವರು ಯಾರೆಂದು ದನಿ ಕೇಳಿ ಹೇಳಬಲ್ಲ ಹಿರಿಯರು ಊರಲ್ಲಿ ಈಗ ಇಬ್ಬರೇ.

ಆದ್ದರಿಂದ ಮೂರು ಮಾತು ನೆನಪಿಡಿ. ಮೊದಲನೆಯದು, ಎರಡು ಪ್ರತಿ ಇರಲಿ. ಒಂದು ಮನೆಯಲ್ಲೇ ಉಳಿಯಲಿ. ಎರಡೂ ಒಂದೇ ಚೀಲದಲ್ಲಿದ್ದರೆ ಒಂದೇ ಇದ್ದಂತೆ. ಹಳೆಯ ಕ್ಯಾಸೆಟ್ಟನ್ನೂ ಎಸೆಯಬೇಡಿ.

ಎರಡನೆಯದು, ಪ್ರಯಾಣಕ್ಕೆ ಇಡೀ ಕಣಜ ಹೊರಬೇಡಿ. ನೂರು-ಇನ್ನೂರು ಪದ ಆರಿಸಿ ಲ್ಯಾಪ್‌ಟಾಪಿನೊಳಗೇ ಹಾಕಿಕೊಳ್ಳಿ. ಹೊರಗಿನ ಡಿಸ್ಕು ಜೋಡಿಸದಿದ್ದರೆ, ಪರದೆಯನ್ನೂ ಆರಿಸಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ. ಕಿವಿಗೆ ಇಯರ್‌ಫೋನ್ ಇರಲಿ. ಪಕ್ಕದವರಿಗೆ ನಿದ್ದೆಯೂ ಬೇಕು.

ಮೂರನೆಯದೇ ಮುಖ್ಯ. ಪ್ರತಿ ಪದಕ್ಕೂ ಹೆಸರು, ಹಾಡಿದವರು, ಊರು, ವರ್ಷ ಬರೆಯಿರಿ. ಕನ್ನಡ ಪದಕ್ಕೆ ಕನ್ನಡದಲ್ಲಿ, ಮರಾಠಿ ಅಭಂಗಕ್ಕೆ ಮರಾಠಿಯಲ್ಲಿ. ಇಂದಿನ ಯಂತ್ರ ಎರಡನ್ನೂ ಬಲ್ಲದು, ನಮ್ಮ ಹಾಗೆಯೇ. ಅಂಕಿ ಹಾಕುವುದಾದರೆ 01, 02 ಎಂದು ಹಾಕಿ. ಇಲ್ಲವಾದರೆ ಕೆಲವು ಯಂತ್ರಗಳಲ್ಲಿ 2ಕ್ಕಿಂತ ಮುಂಚೆ 10 ಬಂದು ಕೂರುತ್ತದೆ.

ಇಂಟರ್ನೆಟ್ಟಿನಲ್ಲಿ ಎಲ್ಲ ಸಿಗುತ್ತದಲ್ಲ ಎಂದು ನೀವು ಕೇಳಬಹುದು. ಸಿನಿಮಾ ಹಾಡು ಸಿಗುತ್ತದೆ. ನಿಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಹಾಡಿದ್ದು ನಿಮ್ಮ ಮನೆಯಲ್ಲಷ್ಟೇ ಇದೆ. ಈ ಸಲ ಗಂಟು ಕಟ್ಟುವ ಮುನ್ನ ಹಿರಿಯರ ಪಕ್ಕದಲ್ಲಿ ಕೂತು ಆ ಹೆಸರುಗಳನ್ನು ಬರೆದುಕೊಳ್ಳಿ.