ಮುನ್ನೂರು ಪೇಪರ್ ಬರೆದ ಡಾಕ್ಟರ್ ಹೇಳಿದ್ದೆಲ್ಲ ನಿಜಾನಾ?

ಇವತ್ತಿನ ಮಾತನ್ನ ನಮ್ಮ ಮನೆಯಿಂದಲೇ ಶುರು ಮಾಡ್ತೀನಿ.

ನಮ್ಮೂರು ಯಲಿಯೂರು. ಮಂಡ್ಯ ದಾಟಿ ಮೈಸೂರು ಕಡೆ ಹೊರಟರೆ ಸಿಗುತ್ತೆ. ನಮ್ಮವ್ವನಿಗೆ ಎಂಟು ವರ್ಷದಿಂದ ಶುಗರ್. ಯುಗಾದಿಗೆ ಊರಿಗೆ ಹೋದಾಗ ನೋಡ್ತೀನಿ, ಶುಗರ್ ಮಾತ್ರೆ ಮುಟ್ಟದೆ ಹಾಗೇ ಬಿದ್ದಿವೆ, ಪಕ್ಕದಲ್ಲಿ ಯಾವುದೋ ಪುಡಿ ಡಬ್ಬ. ಕೇಳಿದ್ರೆ, "ಆ ಡಾಕ್ಟ್ರು ಮುನ್ನೂರು ಪೇಪರ್ ಬರ್ದವ್ರಂತೆ ಕಣ್ ಮಗ, ಸುಳ್ಳ್ ಹೇಳಾರಾ?" ಅಂದ್ಳು. ವಾಟ್ಸಾಪ್‌ನಲ್ಲಿ ಬಂದ ವಿಡಿಯೊ. ಡಾಕ್ಟರ್ ಮುಖದ ಕೆಳಗೆ ದಪ್ಪಕ್ಷರದಲ್ಲಿ: 300 ಸಂಶೋಧನಾ ಲೇಖನ, ಸಾವಿರಾರು ಸೈಟೇಷನ್.

ಏನಿದು ಸೈಟೇಷನ್? ಒಬ್ಬರು ಸಂಶೋಧನೆ ಮಾಡಿ ಪೇಪರ್ ಪ್ರಕಟಿಸ್ತಾರೆ. ಆಮೇಲೆ ಬೇರೆಯವರು ತಮ್ಮ ಪೇಪರಿನಲ್ಲಿ "ಈ ವಿಷಯ ಇಂಥವರು ಹೇಳಿದ್ದಾರೆ" ಅಂತ ಉಲ್ಲೇಖಿಸಿದರೆ ಮೊದಲಿನವರ ಲೆಕ್ಕಕ್ಕೆ ಒಂದು ಸೈಟೇಷನ್. 2005ರಲ್ಲಿ ಹಿರ್ಷ್ ಅನ್ನೋ ಭೌತವಿಜ್ಞಾನಿ ಎಚ್-ಇಂಡೆಕ್ಸ್ ಅಂತ ಒಂದು ಅಳತೆ ಕೊಟ್ಟರು. ನಿಮ್ಮ 20 ಪೇಪರುಗಳಿಗೆ ತಲಾ 20 ಉಲ್ಲೇಖವಾದರೂ ಸಿಕ್ಕಿದ್ದರೆ ನಿಮ್ಮ ಎಚ್-ಇಂಡೆಕ್ಸ್ 20. ನೂರು ಪೇಪರ್ ಬರೆದೂ ಯಾರೂ ಉಲ್ಲೇಖಿಸದಿದ್ದರೆ ಸೊನ್ನೆ.

ಆದರೆ ಯಾಕೆ ಉಲ್ಲೇಖಿಸಿದರು ಅನ್ನೋದು ಈ ಲೆಕ್ಕದಲ್ಲಿ ಕಾಣಲ್ಲ. ಭಾರತದಲ್ಲಿ 10 ಕೋಟಿಗೂ ಹೆಚ್ಚು ಜನಕ್ಕೆ ಮಧುಮೇಹ ಇದೆ ಅಂತ 2023ರಲ್ಲಿ ಐಸಿಎಂಆರ್-ಇಂಡಿಯಾಬ್ ಅಧ್ಯಯನ ಹೇಳಿತು. ಇಲ್ಲಿನ ಮಧುಮೇಹದ ಬಗ್ಗೆ ಯಾರೇ ಬರೆದರೂ ಶುರುವಲ್ಲೇ ಆ ಸಂಖ್ಯೆ ಬೇಕಾಗುತ್ತೆ, ಹಾಗಾಗಿ ಉಲ್ಲೇಖ. ಒಪ್ಪಿ ಉಲ್ಲೇಖಿಸಿದರೂ ಒಂದು, "ಇದು ತಪ್ಪು" ಅಂತ ಉಲ್ಲೇಖಿಸಿದರೂ ಒಂದು.

ಇನ್ನೊಂದು ಕಾಣದ ವಿಷಯ, ಒಂದು ಪೇಪರಿನ ಹಿಂದೆ ಎಷ್ಟು ವರ್ಷ ಇದೆ ಅನ್ನೋದು. ಅದಕ್ಕೆ ನಮ್ಮ ಮೈಸೂರಿನದೇ ಉದಾಹರಣೆ ಇದೆ.

ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯನ್ನ ನಮ್ಮ ಕಡೆ ಮಿಷನ್ ಆಸ್ಪತ್ರೆ ಅಂತಾರೆ. 1934ರಿಂದಲೇ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆಗ ಅದಕ್ಕೆ ಯಾವ ಸೈಟೇಷನ್ನೂ ಇರಲಿಲ್ಲ. 1990ರ ದಶಕದಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ಡಾ. ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡ ಆ ಹಳೇ ದಾಖಲೆ ಹಿಡಿದು, ದೊಡ್ಡವರಾಗಿದ್ದ ಆ ಮಕ್ಕಳನ್ನ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಮುಂದೆ ಮಧುಮೇಹ ಹೆಚ್ಚು ಅಂತ ಇಂಗ್ಲೆಂಡಿನಲ್ಲಿ ಕಂಡಿತ್ತು. ಮೈಸೂರಿನಲ್ಲಿ ಬೇರೆಯೇ ಕಂಡಿತು: ಕುಳ್ಳಗೆ, ಉದ್ದಕ್ಕೆ ಹೋಲಿಸಿದರೆ ದಪ್ಪಗೆ ಹುಟ್ಟಿದವರಲ್ಲಿ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚಿತ್ತು. ಇದು 1998ರಲ್ಲಿ ಪ್ರಕಟವಾಯಿತು.

ಹಾಗಾದರೆ ಗರ್ಭಿಣಿಯರನ್ನೇ ಪರೀಕ್ಷಿಸಬೇಕಲ್ಲ? 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ 830 ಗರ್ಭಿಣಿಯರು ಅಧ್ಯಯನಕ್ಕೆ ಸೇರಿದರು. ಅವರ ಮಕ್ಕಳನ್ನ ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ವರ್ಷಗಟ್ಟಲೆ ಕರೆಸಿ ನೋಡುತ್ತಾ ಬಂತು. ಬಸುರಿಯಲ್ಲಿ ಶುಗರ್ ಬಂದಿದ್ದ ತಾಯಂದಿರ ಮಕ್ಕಳಿಗೆ ಒಂಬತ್ತೂವರೆ ವರ್ಷಕ್ಕೇ ಕೊಬ್ಬಿನಂಶ ಹೆಚ್ಚು, ಇನ್ಸುಲಿನ್ ಸರಿಯಾಗಿ ನಾಟದ ಲಕ್ಷಣ ಹೆಚ್ಚು. ಇದು ಪ್ರಕಟವಾಗಿದ್ದು 2010ರಲ್ಲಿ, 'ಡಯಾಬಿಟಿಸ್ ಕೇರ್' ಪತ್ರಿಕೆಯಲ್ಲಿ. ಪಟ್ಟಿಯಲ್ಲಿ ಅದು ಒಂದೇ ಒಂದು ಪೇಪರ್. ಹಿಂದೆ ಹನ್ನೆರಡು ವರ್ಷ ಇದೆ, ಕರೆದಾಗಲೆಲ್ಲ ಮಗುವನ್ನ ಕರ್ಕೊಂಡು ಬಂದ ಅಮ್ಮಂದಿರಿದ್ದಾರೆ.

ಈಗ 300 ಪೇಪರ್ ಲೆಕ್ಕ ಹಾಕಿ. ಮೂವತ್ತು ವರ್ಷದಲ್ಲಿ 300 ಅಂದ್ರೆ ಐದು ವಾರಕ್ಕೊಂದು. ಅಂದ ಮಾತ್ರಕ್ಕೆ ಸುಳ್ಳು ಅಂತಲ್ಲ. ದೊಡ್ಡ ತಂಡದಲ್ಲಿದ್ದರೆ ಹತ್ತಾರು ಜನರ ಜೊತೆ ಹೆಸರು ಸೇರುತ್ತೆ. ಅವ್ವನ ಮುಂದೆಯೇ ಮೊಬೈಲಲ್ಲಿ ಗೂಗಲ್ ಸ್ಕಾಲರ್ ತೆಗೆದು ಆ ಡಾಕ್ಟರ್ ಹೆಸರು ಹಾಕಿದೆ. ನಿಜ ಹೇಳ್ತೀನಿ, ಪೇಪರುಗಳು ಇದ್ದವು. ಆದರೆ ಹೆಚ್ಚಿನವು ಮೂಳೆ ಮುರಿತದ ಬಗ್ಗೆ. ಆ ಪುಡಿ ಬಗ್ಗೆ ಹುಡುಕಿದಷ್ಟೂ ಒಂದೂ ಸಿಗಲಿಲ್ಲ. ಸಂಖ್ಯೆ ಸುಳ್ಳಲ್ಲ, ಅದನ್ನ ತಂದು ನಿಲ್ಲಿಸಿದ ಜಾಗ ಸುಳ್ಳು.

ಹಾಗಾಗಿ ಇಂಥ ವಿಡಿಯೊ ಬಂದರೆ ನಾಲ್ಕು ಪ್ರಶ್ನೆ ಕೇಳಿ. ಎಷ್ಟು ಪೇಪರ್ ಅಂತಲ್ಲ, ಈ ಔಷಧಿ ಬಗ್ಗೆಯೇ ಪೇಪರ್ ಇದೆಯಾ? ಎಷ್ಟು ಜನರ ಮೇಲೆ, ಎಷ್ಟು ಕಾಲ ನೋಡಿದ್ದಾರೆ? ಬೇರೆ ತಂಡ ಮಾಡಿದಾಗಲೂ ಅದೇ ಫಲಿತಾಂಶ ಬಂತಾ? ಬರೆದವರೇ ಮಾರ್ತಾ ಇದ್ದಾರಾ? ಏನೇ ಉತ್ತರ ಬರಲಿ, ಡಾಕ್ಟರನ್ನ ಕೇಳದೆ ಮಾತ್ರೆ ನಿಲ್ಲಿಸಬೇಡಿ.

ಮಾರನೇ ದಿನವೇ ಅವ್ವನ್ನ ಆಸ್ಪತ್ರೆಗೆ ಕರ್ಕೊಂಡು ಹೋದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿದ್ವಿ. ಏಳರ ಹತ್ತಿರ ಇದ್ದದ್ದು ಹತ್ತು ದಾಟಿತ್ತು. ಮಾತ್ರೆ ಮತ್ತೆ ಶುರುವಾಗಿದೆ. ವಾಪಸ್ ಬರ್ತಾ ಮೈಸೂರಿನ ಆ ಹೆಂಗಸರ ಕತೆ ಹೇಳಿದೆ. "ಅವ್ರ್ ಹೆಸ್ರೂ ಪೇಪರಲ್ಲಿ ಹಾಕವ್ರಾ?" ಅಂದ್ಳು. ಇಲ್ಲ ಕಣವ್ವ, ಅಂಥವರ ಹೆಸರು ಗುಟ್ಟಾಗಿ ಇಡ್ತಾರೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಆದ್ರೂ ಹೋದ್ರಲ್ಲ ಪಾಪ" ಅಂದ್ಳು.

ನಿಮ್ಮ ಮನೆಯ ಮಾತ್ರೆ ಡಬ್ಬಿಯನ್ನೂ ಇವತ್ತೊಮ್ಮೆ ನೋಡಿ.