ಶಬ್ದದ ಸಿರಿ



ತಿರುವನಂತಪುರದ ಉಳ್ಳೂರು ಎಂದರೆ ಮಲಯಾಳಿಗಳಿಗೆ ಮೊದಲು ನೆನಪಾಗುವುದು ಮಹಾಕವಿ ಉಳ್ಳೂರು ಎಸ್. ಪರಮೇಶ್ವರ ಅಯ್ಯರ್. 1877ರಲ್ಲಿ ಹುಟ್ಟಿ 1949ರವರೆಗೆ ಬಾಳಿದ ಅವರನ್ನು ನಾಡು ‘ಉಜ್ವಲ ಶಬ್ದಾಢ್ಯ’ ಎಂದು ಕರೆಯಿತು. ಶಬ್ದಗಳಲ್ಲಿ ಸಿರಿವಂತ ಎಂಬ ಬಿರುದು! ತಿರುವಾಂಕೂರು ಸರ್ಕಾರದ ಹಿರಿಯ ಅಧಿಕಾರಿಯಾಗಿದ್ದ ಅವರು ‘ಉಮಾಕೇರಳಂ’ ಮಹಾಕಾವ್ಯವನ್ನೂ ಬರೆದರು, ಕೇರಳದ ಸಾಹಿತ್ಯ ಚರಿತ್ರೆಯನ್ನೂ ಬರೆದರು. ಆ ಚರಿತ್ರೆ ಐದು ಸಂಪುಟಗಳಷ್ಟಿದೆ. ಅದಕ್ಕಾಗಿ ಅಷ್ಟೊಂದು ಹಳೆಯ ಕೃತಿಗಳನ್ನು ಓದಿದವರ ನಾಲಿಗೆಗೆ ಶಬ್ದ ತಾನಾಗಿ ಒಲಿಯುತ್ತದೆ.

ಕನ್ನಡಿಗರಾದ ನಮಗೇನು ಶಬ್ದಗಳ ಬಡತನವೇ? ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದವು. ಎರಡೂ ನಮ್ಮ ಮಂಗಳೂರಿನಲ್ಲೇ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರು ವಯಸ್ಸು ನೂರು ದಾಟಿದ ಮೇಲೂ ಪದಗಳ ಬೆನ್ನು ಬಿಡಲಿಲ್ಲ.

ನಿಘಂಟಿನಾಚೆಗೂ ಒಂದು ಕಣಜವಿದೆ. ಹಳ್ಳಿಯ ಹಿರಿಯರು ಗಡಿಯಾರ ನೋಡದೆ ಹೊತ್ತು ಹೇಳುತ್ತಿದ್ದರು: ಕೋಳಿ ಕೂಗುವ ಹೊತ್ತು, ನಸುಕು, ಮುಂಜಾವು, ಏರುಹೊತ್ತು, ಇಳಿಹೊತ್ತು, ಬೈಗು, ಮುಸ್ಸಂಜೆ, ಸರಿರಾತ್ರಿ. ಒಂದೊಂದಕ್ಕೂ ಬೇರೆ ಬೆಳಕು, ಬೇರೆ ಕೆಲಸ. ನಾವೋ, ಎಲ್ಲವನ್ನೂ ‘ಮಾರ್ನಿಂಗ್’, ‘ಈವ್ನಿಂಗ್’ ಎರಡರಲ್ಲೇ ಮುಗಿಸುತ್ತಿದ್ದೇವೆ. ಇದು ನಿಜವಾದ ನಷ್ಟ.

ಅಪರೂಪದ ಪದ ಕಲಿಯುವುದು ಪಾಂಡಿತ್ಯ ಮೆರೆಸಲು ಅಲ್ಲ, ಕಂಡದ್ದನ್ನು ಸರಿಯಾಗಿ ಹೇಳಲು. ಬರೆದಿಟ್ಟರೆ ಸಾಲದು, ಬಳಸಬೇಕು. ಮನೆಯಲ್ಲಿ ಅಜ್ಜಿಯೋ ತಾತನೋ ಇದ್ದರೆ ಇವತ್ತೇ ಪಕ್ಕದಲ್ಲಿ ಕುಳಿತು ಕೇಳಿ. ಸಿಕ್ಕ ಪದವನ್ನು ಸಂಜೆಯೊಳಗೆ ಮಕ್ಕಳ ಮುಂದೆ ಒಮ್ಮೆಯಾದರೂ ಆಡಿ.