ಸಂಶೋಧನೆಗೆ ಹಣ ಕೊಡುವವರಾರು?



ಭ್ರೂಣದಲ್ಲಿ ನರಮಂಡಲ ರೂಪುಗೊಳ್ಳುವ ಬಗೆಯನ್ನು ಅರಸಿದವರು ಇಟಲಿಯ ರೀಟಾ ಲೆವಿ-ಮೊಂಟಾಲ್ಚಿನಿ. ಯಹೂದಿಯೆಂಬ ಕಾರಣಕ್ಕೆ 1938ರ ಜನಾಂಗೀಯ ಕಾನೂನು ಅವರನ್ನು ವಿಶ್ವವಿದ್ಯಾಲಯದಿಂದ ಹೊರದೂಡಿತು. ಅನುದಾನವಿಲ್ಲ, ಪ್ರಯೋಗಾಲಯವಿಲ್ಲ, ಮಲಗುವ ಕೋಣೆಯಲ್ಲೇ ಕೋಳಿಮೊಟ್ಟೆಗಳನ್ನಿಟ್ಟುಕೊಂಡು ಪ್ರಯೋಗ ನಡೆಸಿದರು. ಯುದ್ಧಾನಂತರ ಅಮೆರಿಕದ ಸೇಂಟ್ ಲೂಯಿಸ್‌ನ ವಿಶ್ವವಿದ್ಯಾಲಯ ಆಶ್ರಯವಿತ್ತಿತು. ನರಕೋಶಗಳನ್ನು ಬೆಳೆಸುವ ಅಂಶದ ಶೋಧಕ್ಕೆ 1986ರಲ್ಲಿ ನೊಬೆಲ್ ಸಂದಿತು. 2006ರಲ್ಲಿ, ತಮ್ಮ 97ನೆಯ ವಯಸ್ಸಿನಲ್ಲಿ, ಆಜೀವ ಸೆನೆಟರ್ ಆಗಿದ್ದ ಅವರು ವಿಜ್ಞಾನದ ಹಣ ಕಡಿತಗೊಳಿಸಿದರೆ ಬಜೆಟ್ಟಿಗೆ ಮತ ನೀಡೆನೆಂದರು. ಕೂದಲೆಳೆಯ ಬಹುಮತವಿದ್ದ ಪ್ರೋದಿ ಸರಕಾರ ಮಣಿಯಿತು.

ನಮ್ಮಲ್ಲೋ, ಮಿನಾರಕ್ಕೆ ಹರಿದುಬರುವ ಚಂದಾ ಪಿಎಚ್.ಡಿ. ಮಾಡಬಯಸುವ ಹೆಣ್ಣುಮಗಳಿಗೆ ಬರುವುದಿಲ್ಲ. ವಕ್ಫ್ ಆದಾಯದಿಂದ ಆಸ್ಪತ್ರೆ, ಗ್ರಂಥಾಲಯಗಳನ್ನು ನಡೆಸಿದ್ದ ಸಮುದಾಯವಿದು! ಮುಂದಿನ ಜಮಾಅತ್ ಸಭೆಯ ಲೆಕ್ಕಪತ್ರದಲ್ಲಿ ಅವಳ ಶುಲ್ಕಕ್ಕೂ ಒಂದು ಬಾಬ್ತು ಸೇರಿಸುವಿರಾ?